ಅರವತ್ತರಲ್ಲಿ ಒಂದು ಸಾಲು

ಮಾನ್ಯರೇ,

ಯಹೂದಿಗಳು ತಮ್ಮ ಧರ್ಮಗ್ರಂಥ ತೋರಾವನ್ನು 54 ಭಾಗ ಮಾಡಿಕೊಂಡು ವಾರವಾರ ಓದಿ ವರ್ಷಕ್ಕೆ ಮುಗಿಸುತ್ತಾರೆ. ಅದರಲ್ಲಿ ‘ಕೆದೋಶೀಮ್’ ವಾರದ ಪಾಠ ನಮ್ಮ ಬೆಳೆಗಾರರು ಗಮನಿಸುವಂಥದ್ದು: ಹೊಲದ ಅಂಚನ್ನು ಕೊಯ್ಯದೆ ಬಡವರಿಗೆ ಬಿಡಬೇಕು. ಯಹೂದಿಗಳ ಹಳೆಯ ಕಟ್ಟಳೆಗಳ ಸಂಗ್ರಹವಾದ ಮಿಶ್ನಾ ಇದಕ್ಕೆ ಅಳತೆಯನ್ನೂ ಕಟ್ಟಿದೆ, 60ರಲ್ಲಿ ಒಂದು ಪಾಲಿಗಿಂತ ಕಡಿಮೆಯಾಗಬಾರದು. ಅಂಚಿನಲ್ಲೇ ಏಕೆ? ಬಡವರು ದಿನವಿಡೀ ಕಾಯಬಾರದು, ಒಡೆಯ ‘ಆಗಲೇ ಬಿಟ್ಟಾಯ್ತು’ ಎಂದು ಜಾರಿಕೊಳ್ಳಬಾರದು. ಯಾರಿಗೆಂದು ಆರಿಸುವ ಹಕ್ಕೂ ಅವನಿಗಿಲ್ಲ. ನಮ್ಮ ದಾನಗಳು ಕೆಡುವುದೇ ಅಲ್ಲಿ!

ಕಾಫಿ ತೋಟದಲ್ಲಿ ಇದನ್ನು ಹಾಗೆಯೇ ಮಾಡಹೋದರೆ ಮಾತ್ರ ಎಡವಟ್ಟು. ಗಿಡದಲ್ಲಿ, ನೆಲದಲ್ಲಿ ಉಳಿದ ಹಣ್ಣಿನೊಳಗೇ ಕಾಯಿಕೊರಕ ಹುಳು ಮುಂದಿನ ಫಸಲಿಗೆ ಕಾದು ಕೂರುತ್ತದೆ. ಬದಲಿಗೆ, ಕೊಯ್ಲಿನ ಕೊನೆಗೆ ಉದುರು ಕಾಫಿಯನ್ನು ಪೂರ್ತಿ ಹೆಕ್ಕಿಸಿ, ಹೆಕ್ಕಿದವರಿಗೇ ಬಿಡಬಹುದು, ತೂಕ ಹಾಕದೆ.

– ಕಾಫಿ ಬೆಳೆಗಾರ, ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ