ಮೂರು ಬೆರಳು ಎಣ್ಣೆ

ಎಲ್ಲಾರಿಗೂ ನಮಸ್ಕಾರ್ರೀ.

ಈ ಸಲದ ಎಳ್ಳ ಅಮವಾಸಿಗೆ ಅಣ್ಣಿಗೇರಿ ಕಡೆಯ, ಹೋದ ವರ್ಷ ನಾನು ಹಾರಿಸುತ್ತಿದ್ದ ಹೆಲಿಕಾಪ್ಟರ್ ಬಿದ್ದ ಅದೇ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದೆ. ಕೋಲು ಹಿಡಿಯದೆ, ಎರೆಮಣ್ಣಿನ ಹೆಂಟೆ ತುಳಿದುಕೊಂಡು. ವರ್ಷವಿಡೀ ಫೋನ್ ಮಾಡಿ ವಿಚಾರಿಸಿದವರಿಗೆ ಸರಿಯಾಗಿ ಉತ್ತರ ಕೊಟ್ಟಿರಲಿಲ್ಲ. ಆ ಬಾಕಿ ಇದು.

ಬಿದ್ದದ್ದು ನಿಮಗೆ ಗೊತ್ತೇ ಇದೆ. ಆದರೆ ಕೆಲವರು ನನ್ನ ಮೇಲಿನ ಪ್ರೀತಿಗೆ ಇನ್ನೂ 'ಎಂಜಿನ್ ಕೈಕೊಟ್ಟಿತು' ಅನ್ನುತ್ತೀರಿ. ಎಂಜಿನ್‌ದು ಏನೂ ತಪ್ಪಿಲ್ಲ. ಎಣ್ಣೆ, ಅಂದರೆ ಇಂಧನ, ತೀರಿತ್ತು. ಜಾತ್ರೆಯಲ್ಲಿ ಹೂ ಸುರಿಯುವಾಗ ಎರಡು ಸುತ್ತು ಹೆಚ್ಚಿಗೆ ಹಾಕಿದ್ದೆ, ವಾಪಸ್ ಬರುವಾಗ ಎದುರುಗಾಳಿ. ಟ್ಯಾಂಕಿಗೆ ಅಳತೆಗೋಲು ಇಳಿಸಿ ನೋಡಬೇಕಿತ್ತು, ಬರೀ ಎಣ್ಣೆ ತೋರಿಸುವ ಮುಳ್ಳು ನೋಡಿ ಹೊರಟಿದ್ದೆ. ಇಳಿದ ಮೇಲೂ 20 ನಿಮಿಷದ ಎಣ್ಣೆ ಉಳಿದಿರಬೇಕು ಅನ್ನುವುದು ನಿಯಮ. ಗದಗ ದಾಟುವಾಗಲೇ ಎಣ್ಣೆ ಕಡಿಮೆಯಾಯಿತು ಅನ್ನುವ ಹಳದಿ ದೀಪ ಹೊತ್ತಿತು. ನನ್ನ ಆರ್-44 ಹೆಲಿಕಾಪ್ಟರಿನಲ್ಲಿ ಅದು ಹೊತ್ತಿದರೆ ಉಳಿದದ್ದು ಸುಮಾರು 10 ನಿಮಿಷ. ಕೆಳಗೆ ಕಣ್ಣು ಹಾಯುವಷ್ಟು ಬಯಲು, ಎಲ್ಲಿ ಬೇಕಾದರೂ ಇಳಿಸಬಹುದಿತ್ತು. 'ಹುಬ್ಬಳ್ಳಿ ಬಂದೇ ಬಿಡ್ತಲ್ಲ' ಅಂದುಕೊಂಡೆ. ಎಂಜಿನ್ ನಿಂತ ಕೂಡಲೇ ಕಲೆಕ್ಟಿವ್, ಅಂದರೆ ರೆಕ್ಕೆಗಳ ಓರೆ ಬದಲಿಸುವ ಹಿಡಿಕೆ, ಇಳಿಸಿದೆ, ಕೆಳಗಿನಿಂದ ಬರುವ ಗಾಳಿಗೇ ರೆಕ್ಕೆ ತಿರುಗುತ್ತ ಬಂತು. ನೆಲ ಮುಟ್ಟಿದಾಗ ಹೆಲಿಕಾಪ್ಟರಿನ ಕಾಲು ಹೆಂಟೆಗೆ ಸಿಕ್ಕು ಮಗುಚಿತು. ಒಬ್ಬನೇ ಇದ್ದೆ, ಅದೊಂದು ಪುಣ್ಯ. ಎಣ್ಣೆ ಇಲ್ಲದ್ದಕ್ಕೆ ಬಿದ್ದೆ, ಎಣ್ಣೆ ಇಲ್ಲದ್ದಕ್ಕೇ ಬೆಂಕಿ ಹತ್ತಲಿಲ್ಲ.

108ರ ಹುಡುಗರು, ಡಾಕ್ಟರು, ಸಿಸ್ಟರುಗಳು, ಕಾಲು ಎತ್ತಿಸಿ ಎತ್ತಿಸಿ ಅಳಿಸಿದ ಧಾರವಾಡದ ಫಿಸಿಯೋ, ಮೂರು ತಿಂಗಳು ಬುತ್ತಿ ಕಳಿಸಿದ ಓಣಿಯ ಹೆಣ್ಮಕ್ಕಳು, ಎಲ್ಲರಿಗೂ ಕೈಮುಗಿದೆ. ಮನೆಯಾಕಿಗೆ ಇಲ್ಲಿ ಥ್ಯಾಂಕ್ಸ್ ಬರೆದರೆ ಬೈತಾಳೆ.

ಇನ್ನು ಕಾಕಾ.

ಅವತ್ತೂ ಎಳ್ಳ ಅಮವಾಸಿ ಅಂತ ಹೊಲದವರ ಮನೆಮಂದಿಯೆಲ್ಲ ಅಲ್ಲೇ ಇದ್ದರು. ಬೇರೆ ದಿನವಾಗಿದ್ದರೆ ಅಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ಊಟಕ್ಕೆ ಹಾಸಿದ್ದ ನವಲಗುಂದದ ಜಮಖಾನದ ಮೇಲೆ ನನ್ನನ್ನು ಎತ್ತಿಕೊಂಡು ರಸ್ತೆ ಮುಟ್ಟಿಸಿದರು. ಅಷ್ಟಕ್ಕೇ ಮನೆಗೆ ಹೋಗಿದ್ದರೂ ನಾನು ಜನ್ಮವಿಡೀ ಋಣಿ. ಆದರೆ ಆ ಮನೆಯ ಹಿರಿಯರು ಆಂಬ್ಯುಲೆನ್ಸ್ ಹತ್ತಿ ಹುಬ್ಬಳ್ಳಿಗೆ ಬಂದರು. ಆಸ್ಪತ್ರೆಯಲ್ಲಿ 'ನೀವು ಯಾರು?' ಅಂದಿದ್ದಕ್ಕೆ 'ಇವನ ಕಾಕಾ' ಅಂದರಂತೆ. ಮನೆಯಾಕಿ ಬೆಂಗಳೂರಿನಿಂದ ಬಂದು ಮುಟ್ಟುವಾಗ ಬೆಳಗಾಗಿತ್ತು. ಅಲ್ಲಿಯತನಕ ಅವರೊಬ್ಬರೇ.

ಸೊಂಟದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ. ತಾಸಿಗೊಮ್ಮೆ ಕಾಕಾ ನನ್ನ ಹೆಬ್ಬೆರಳು ಹಿಚುಕಿ 'ಗೊತ್ತಾಗ್ತೈತೇನೋ ತಮ್ಮಾ?' ಅನ್ನೋರು. ಇಲ್ಲ ಅಂದರೆ 'ಇರ್ಲಿ, ಇನ್ನೊಂದ್ ತಾಸ್ ಬಿಟ್ ನೋಡೂಣು' ಅನ್ನೋರು. ಎಷ್ಟೋ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಬದುಕಬಾರದಿತ್ತು ಕಾಕಾ, ತಪ್ಪೆಲ್ಲ ನನ್ನದೇ, ದೀಪ ನೋಡೀ ನೋಡೀ ಬಂದೆ ಅಂತ ಹೇಳಿಬಿಟ್ಟೆ. ಅಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ.

ಅವರು ಸಮಾಧಾನ ಮಾಡಲಿಲ್ಲ. 'ನನ್ನ ಟ್ರ್ಯಾಕ್ಟರಿನ ಮುಳ್ಳು ಕೆಟ್ಟು ಆರು ವರ್ಷಾತು' ಅಂದರು. 'ದಿನಾ ಜ್ವಾಳದ ದಂಟು ಹಾಕಿ ಎಣ್ಣಿ ನೋಡೇ ಹೋಗ್ತೀನಿ. ಒಂದಿನ ನೋಡಲಿಲ್ಲ. ರಾತ್ರ್ಯಾಗ ನಟ್ಟನಡು ರೋಡಿನ್ಯಾಗ ನಿಂತ್ತು. ಟ್ರೇಲಿ ತುಂಬ ಕೂಲಿ ಹೆಣ್ಮಕ್ಕಳು. ಅವತ್ತ ಲಾರಿ ಬರಲಿಲ್ಲ, ಅಷ್ಟ. ನಿನಗೂ ನನಗೂ ಏನ್ ಫರಕೋ?'

ಆಮೇಲೆ ಮತ್ತೆ ಹೆಬ್ಬೆರಳು ಹಿಚುಕಿದರು. ಬಲಗಾಲಿನದು, ಸಣ್ಣಗೆ, ಇರುವೆ ಹರಿದಂತೆ ಗೊತ್ತಾಯಿತು. ಕಾಕಾ ಎದ್ದು ಹೊರಗೆ ಹೋದರು, ಬಹಳ ಹೊತ್ತು ಒಳಗೆ ಬರಲಿಲ್ಲ.

ಹಾಳಾದ ಕಡಲೆಗೆ ದುಡ್ಡು ಕೊಡಲು ಹೋದರೆ ಇವತ್ತಿಗೂ ಸಿಟ್ಟಾಗುತ್ತಾರೆ. ಅದಕ್ಕೇ ಈ ಸಲ ಬರೀ ಹೋಳಿಗೆ ಒಯ್ದಿದ್ದೆವು. ಸಂಜೆ ಹೊರಡುವಾಗ ಟ್ರ್ಯಾಕ್ಟರ್ ಹತ್ತುವ ಮೊದಲು ಒಂದು ದಂಟು ಮುರಿದು ನನ್ನ ಕೈಗೆ ಕೊಟ್ಟರು. 'ನೀನ ನೋಡು.' ಟ್ಯಾಂಕಿಗೆ ಇಳಿಸಿ ತೆಗೆದೆ. ತುದಿಯಿಂದ ಮೂರು ಬೆರಳು ಒದ್ದೆಯಾಗಿತ್ತು.

'ಊರಿಗೆ ಸಾಕು, ಹತ್ತು' ಅಂದರು.