ವಿಲೇವಾರಿ ಎಂದರೇನೆಂದು ಕಲಿಸಿದವರಿಗೆ

ಈ ಸಲದ ನೌಕರರ ದಿನದಂದು ಜಿಲ್ಲಾ ಮಟ್ಟದ ಸರ್ವೋತ್ತಮ ಸೇವಾ ಪ್ರಶಸ್ತಿ ನನಗೆ ಸಂದಿತು. ಹಾರೈಸಿದ ಎಲ್ಲರಿಗೂ ವಂದನೆಗಳು. ಪ್ರಶಸ್ತಿ ಪತ್ರದಲ್ಲಿರುವ ‘ದಕ್ಷ ನಾಯಕತ್ವ’ ಎಂಬ ಮಾತನ್ನು ವೇದಿಕೆಯಲ್ಲಿ ಓದಿದಾಗ ನಮ್ಮ ತಾಲ್ಲೂಕು ಕಚೇರಿಯಲ್ಲಿ ಕಡತಗಳನ್ನು ನೋಡಿಕೊಳ್ಳುವ ವಿಷಯ ನಿರ್ವಾಹಕಿಯೊಬ್ಬರು ಸಣ್ಣಗೆ ಕೆಮ್ಮಿದರು. ಆ ಕೆಮ್ಮಿಗೆ ಕಾರಣವಿದೆ.

ತಹಶೀಲ್ದಾರನಾಗಿ ಬಂದ ಹೊಸದರಲ್ಲಿ ಬಾಕಿ ಅರ್ಜಿಗಳ ಲೆಕ್ಕವನ್ನು ಪ್ರತಿ ಸೋಮವಾರ ಗೋಡೆಯ ಹಲಗೆಯ ಮೇಲೆ ಬರೆಸುತ್ತಿದ್ದೆ. ಲೆಕ್ಕ ಸರಸರನೆ ಇಳಿಯಿತು, ನಾನು ಬೀಗಿದೆ. ಒಂದು ಸಂಜೆ ಇದೇ ಮೇಡಂ ಕಡತಗಳ ಕಟ್ಟೊಂದನ್ನು ನನ್ನ ಮೇಜಿನ ಮೇಲಿಟ್ಟು, “ಸಾರ್, ಇವೆಲ್ಲ ವಿಲೇವಾರಿ ಆದವು. ಅರ್ಧಕ್ಕರ್ಧ ತಿರಸ್ಕೃತ” ಎಂದರು. ಸರ್ಕಾರಿ ಸೇವೆಗಳಿಗೆ ಗಡುವು ಹಾಕಿರುವ ಸಕಾಲ ಕಾಯ್ದೆಯಂತೆ ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಕೊಡಬೇಕು. ಅವಧಿಯೊಳಗೆ ತಿರಸ್ಕರಿಸಿಬಿಟ್ಟರೆ ಆ ತಂಟೆಯಿಲ್ಲ. ಮೇಲ್ಮನವಿಗೆ ಅವಕಾಶವೇನೋ ಇದೆ, ಕೂಲಿ ಬಿಟ್ಟು ಬಂದವರು ಅದರ ಹಿಂದೆ ಅಲೆಯುತ್ತಾರೆಯೇ? ಪಹಣಿಯಲ್ಲಿ ನಂಜಪ್ಪ, ಮರಣ ಪ್ರಮಾಣ ಪತ್ರದಲ್ಲಿ ನಂಜುಂಡಪ್ಪ. ಅಷ್ಟಕ್ಕೇ ಪೌತಿ ಖಾತೆಯ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ, ಅರ್ಜಿ ಬಿದ್ದುಹೋಗಿತ್ತು. ಎಲ್ಲಕ್ಕೂ ನನ್ನದೇ ಸಹಿ.

ಮರುದಿನವೇ ಹಲಗೆ ಇಳಿಸಿದೆವು. ತಿರಸ್ಕರಿಸುವ ಮುನ್ನ ಅರ್ಜಿದಾರರಿಗೆ ಫೋನ್ ಮಾಡಬೇಕು, ಹೆಸರಿನ ಗೊಂದಲವಿದ್ದರೆ ಊರಿಗೇ ಹೋಗಿ ಮಹಜರು ಬರೆಯಬೇಕು ಎಂಬ ಕ್ರಮ ಆ ಮೇಡಂ ಅವರದೇ ಸಲಹೆ. ಕೆಲವು ತಿಂಗಳು ಬಾಕಿ ಏರಿತು. ಪ್ರಗತಿ ಪರಿಶೀಲನಾ ಸಭೆಗಳಲ್ಲಿ ತಲೆ ತಗ್ಗಿಸಿ ಕುಳಿತೆ. ಆ ದಿನಗಳಲ್ಲಿ ಬಿಸಿಲೆನ್ನದೆ ತಿರುಗಿದ ಗ್ರಾಮ ಆಡಳಿತಾಧಿಕಾರಿಗಳಿಗೆ, ಮನೆ ಮನೆಯ ವಂಶವೃಕ್ಷವನ್ನೇ ಬಾಯಲ್ಲಿ ಹೇಳಬಲ್ಲ ಗ್ರಾಮ ಸಹಾಯಕರಿಗೆ ನಾನು ಋಣಿ. ಅಭಿಲೇಖಾಲಯದ ನಮ್ಮ ಡಿ ದರ್ಜೆ ನೌಕರರು ಯಾವ ಹೋಬಳಿಯ ಕಟ್ಟು ಯಾವ ಕಪಾಟಿನಲ್ಲಿದೆ ಎಂದು ಕುಳಿತಲ್ಲಿಂದಲೇ ಬೆರಳು ತೋರಿಸುತ್ತಾರೆ. ಅವರಿಗೆ ನಿವೃತ್ತಿ ಹತ್ತಿರವಾಗುತ್ತಿದೆ ಎಂಬುದೇ ನನಗೀಗ ಚಿಂತೆ.

ಭಾನುವಾರಗಳನ್ನೂ ಕಚೇರಿಗೆ ಬಿಟ್ಟುಕೊಟ್ಟ ಮನೆಯವರಿಗೆ ವಂದನೆ ಹೇಳಿದರೆ ನಗುತ್ತಾರೆ, ಆದರೂ ಹೇಳುತ್ತೇನೆ.

ಮೂರು ಬಾರಿ ತಿರಸ್ಕೃತರಾಗಿ ನಾಲ್ಕನೆಯ ಸಲ ನನ್ನನ್ನೇ ಗದರಿದ ಅಜ್ಜಿಗೆ ಕೊನೆಗೂ ಖಾತೆ ಆಯಿತು. ಪ್ರಶಸ್ತಿಯ ಸುದ್ದಿ ಕೇಳಿ ಬಂದಿದ್ದರು. ಹಾರೈಸಿ, ಸೆರಗಿನ ಗಂಟಿನಿಂದ ಇನ್ನೊಂದು ಅರ್ಜಿ ತೆಗೆದರು: ಪೋಡಿಗೆ, ಅಂದರೆ ಜಮೀನು ಅಳೆದು ತಮ್ಮ ಪಾಲನ್ನು ಬೇರ್ಪಡಿಸಿಕೊಡಲು. ಸರ್ವೆ ಶಾಖೆಯ ಗೆಳೆಯರೇ, ಅದು ಈಗ ನಿಮ್ಮ ಮೇಜಿನ ಮೇಲಿದೆ.