ಈ ಭಾನುವಾರ ಕೇಳೋಣ: ಸರ್ಪೆಂಟ್

ಎಲ್ಲರಿಗೂ ನಮಸ್ಕಾರ. ಈ ಸಲದ ಸರದಿ ಸರ್ಪೆಂಟ್ ಎಂಬ ಹಳೆಯ ಊದುವಾದ್ಯದ್ದು. ಹಾವಿನಂತೆ ಬಳುಕಿದ, ಸುಮಾರು 8 ಅಡಿ ಉದ್ದದ ಮರದ ಕೊಳವೆ, ಮೇಲೆ ಚರ್ಮದ ಹೊದಿಕೆ. ಊದುವುದು ಮಾತ್ರ ತುತ್ತೂರಿಯ ರೀತಿಯಲ್ಲೇ, ತುಟಿ ಅದುರಿಸಿ.

1590ರ ಸುಮಾರಿಗೆ ಫ್ರಾನ್ಸಿನ ಒಸೇರ್ ಪಟ್ಟಣದ ಪಾದ್ರಿ ಎಡ್ಮೆ ಗಿಯೋಮ್ ಇದನ್ನು ರೂಪಿಸಿದರೆಂಬ ಮಾತಿದೆ. ಇಗರ್ಜಿಯಲ್ಲಿ ಗಂಡು ದನಿಗಳ ಗಾಯನಕ್ಕೆ ಆಧಾರವಾಗಿ ನಿಲ್ಲುವುದೇ ಇದರ ಕೆಲಸ. ಆಮೇಲೆ ಸೇನೆಯ ಬ್ಯಾಂಡುಗಳಿಗೂ ಹೋಯಿತು.

ನುಡಿಸುವವರ ಪಾಡು ಕೇಳಬೇಡಿ! ಆರು ತೂತುಗಳೂ ಸ್ವರಕ್ಕೆ ಬೇಕಾದ ಜಾಗದಲ್ಲಿಲ್ಲ, ಬೆರಳಿಗೆ ಎಟುಕುವಲ್ಲಿವೆ. ಹಾಗಾಗಿ ಶ್ರುತಿ ಜಾರುತ್ತಲೇ ಇರುತ್ತದೆ, ತುಟಿಯಲ್ಲೇ ತಿದ್ದಿಕೊಳ್ಳಬೇಕು. ಫ್ರೆಂಚ್ ಸಂಗೀತ ಸಂಯೋಜಕ ಬೆರ್ಲಿಯೋಜ್ 1830ರ ತಮ್ಮ ‘ಸಿಂಫನಿ ಫಾಂಟಾಸ್ಟಿಕ್’ನಲ್ಲಿ ಇದನ್ನು ಬಳಸಿಯೂ, ಮುಂದೆ ಇದರ ನಾದವನ್ನು ಚೆನ್ನಾಗಿ ಬೈದರು. ನನಗಂತೂ ಅದು ಅನ್ಯಾಯ ಅನ್ನಿಸುತ್ತದೆ. ಮೆಲ್ಲಗೆ ಊದಿದಾಗ ಮಂದ್ರದಲ್ಲಿ ಮನುಷ್ಯರ ದನಿಯಷ್ಟೇ ಮೃದು. ಜೋರಾದರೆ ಕೊಂಚ ಒರಟು, ನಿಜ. 19ನೇ ಶತಮಾನದಲ್ಲಿ ಆಫಿಕ್ಲೈಡ್, ಟ್ಯೂಬಾ ಎಂಬ ಲೋಹದ ಊದುವಾದ್ಯಗಳು ಬಂದು ಇದನ್ನು ಮೂಲೆಗೆ ತಳ್ಳಿದವು.

ದಯವಿಟ್ಟು ಇಯರ್‌ಫೋನ್ ಹಾಕಿಯೇ ಕೇಳಿ, ಮೊಬೈಲ್ ಸ್ಪೀಕರಿನಲ್ಲಿ ಮಂದ್ರ ಸ್ವರ ಸರಿಯಾಗಿ ಕೇಳಿಸುವುದಿಲ್ಲ. ಅನಿಸಿಕೆಗಳನ್ನು ಭಾನುವಾರ ಸಂಜೆಯ ನಂತರವೇ ಬರೆಯಿರಿ. ಅಲ್ಲಿಯವರೆಗೆ ಶುಭೋದಯದ ಚಿತ್ರಗಳು ಬೇಡ.